ಶಾಲೆಗೆ ಬರಲು ಸಂಬಳವೇ?

"ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ" ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ನಮ್ಮ ಮಕ್ಕಳಿಗೂ ಹೇಳಿದ್ದೇವೆ. ಹಣ ದೊಡ್ಡದು ನಿಜ, ವಿದ್ಯೆ ಅದಕ್ಕಿಂತಲೂ ದೊಡ್ಡದು ಎಂದು ಗಾದೆ ಹೇಳುತ್ತದೆ. ಆದರೆ ಇವೆರಡರಲ್ಲಿ ಒಂದನ್ನು ಇಂದೇ ಆರಿಸಿಕೋ ಎಂದು ಬದುಕು ಮನೆಬಾಗಿಲಿಗೆ ಬಂದು ನಿಂತರೆ ಏನು ಮಾಡುವುದು? ಅಂತಹ ದಿನ ಕೆಲವು ಮನೆಗಳಿಗೆ ಪ್ರತಿ ಮಳೆಗಾಲದಲ್ಲೂ ತಪ್ಪದೆ ಬರುತ್ತದೆ.

ಕಂಪ್ಲಿಯ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಇದು ನಾನು ಕಲ್ಪಿಸಿದ ಮನೆ. ಆದರೆ ಆ ಸೀಮೆಯನ್ನು ಬಲ್ಲವರಿಗೆ ಇದು ಅಪರಿಚಿತವೇನೂ ಅಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟಿದ್ದಾರೆ. ಗದ್ದೆಗಳಲ್ಲಿ ಭತ್ತದ ನಾಟಿ ಶುರುವಾಗಿದೆ. ಮನೆಯ ಯಜಮಾನನಿಗೆ ಸೊಂಟನೋವು, ದುಡಿಯಲಾರ. ತಾಯಿ ಕೂಲಿಗೆ ಹೋಗುತ್ತಾಳೆ. ಹಿರಿಯ ಮಗನಿಗೆ ಹದಿನೈದು ವರ್ಷ, ಹತ್ತನೇ ತರಗತಿ. ಸಂಜೆ ಮೇಸ್ತ್ರಿ ಬಂದು ಕಟ್ಟೆಯ ಮೇಲೆ ಕುಳಿತು ಹೇಳುತ್ತಾನೆ: "ಯಕ್ಕಾ, ಸಸಿ ಹೊರಾಕ ಹುಡುಗರು ಬೇಕಾಗ್ಯಾರ. ನಿನ್ನ ಮಗನ್ನ ಕಳಸು. ನಾಟಿ ಮುಗಿಯೋ ತನಕ ಅಷ್ಟ, ಆಮ್ಯಾಲೆ ಶಾಲಿಗೆ ಹೋಗ್ಲಿ."

ದಿನಕ್ಕೆ 300 ರೂಪಾಯಿ ಕೂಲಿ ಎಂದೇ ಇಟ್ಟುಕೊಳ್ಳೋಣ. ತಿಂಗಳಿಗೆ ಇಪ್ಪತ್ತು ದಿನ ಕೆಲಸ ಸಿಕ್ಕರೆ 6,000 ರೂಪಾಯಿ. ಮರುದಿನ ಶಾಲೆಯ ಮೇಷ್ಟ್ರು ಅದೇ ಮನೆಗೆ ಬಂದು, "ಹುಡುಗ ಚೂಟಿ ಇದಾನಮ್ಮಾ, ದಯವಿಟ್ಟು ಬಿಡಿಸಬೇಡಿ" ಎಂದು ಬೇಡಿಕೊಳ್ಳುತ್ತಾರೆ. ತಾಯಿ ತಲೆತಗ್ಗಿಸಿ ಉತ್ತರಿಸುತ್ತಾಳೆ: "ನೀವು ಹೇಳೋದು ಖರೆ ಐತ್ರಿ ಸಾರ್. ಆದ್ರ ಈ ವಾರದ ಸಂಘದ ಕಂತು ಯಾರು ಕಟ್ಟಬೇಕ್ರಿ?"

ಪ್ರಿಯರೇ, ಈ ತಾಯಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಎಂದು ಹೇಳಬೇಡಿ. ಆಕೆಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಮೇಷ್ಟ್ರು ತೋರಿಸುವ ಲಾಭ ಹತ್ತು ವರ್ಷಗಳ ನಂತರದ್ದು. ಕಂತು ಮಾತ್ರ ಈ ವಾರದ್ದು. ನಾಟಿ ಮುಗಿದ ಮೇಲೆ ಹುಡುಗ ಶಾಲೆಗೆ ಮರಳುತ್ತಾನೆಂಬ ಮಾತು ಎಷ್ಟೋ ಸಲ ಮಾತಾಗಿಯೇ ಉಳಿಯುತ್ತದೆ. ನಾಟಿಯ ಹಿಂದೆ ಬಾಳೆಗೊನೆ ಹೊರುವ ಕೆಲಸ ಬರುತ್ತದೆ, ಅದರ ಹಿಂದೆ ಕಬ್ಬು ಕಡಿಯುವ ಕೆಲಸ. ಪರೀಕ್ಷೆ ಹತ್ತಿರ ಬರುವಾಗ ಅವನಿಗೆ ಪುಸ್ತಕದ ಮುಖ ನೋಡಲು ನಾಚಿಕೆ.

ಈಗ ಪ್ರಶ್ನೆಗೆ ಬರೋಣ. ಇಂತಹ ಹದಿಹರೆಯದವರನ್ನು ಶಾಲೆಯಲ್ಲೇ ಉಳಿಸಿಕೊಳ್ಳಲು ಸರ್ಕಾರ ಹಣ ಕೊಡಬೇಕೇ? ಕೊಡುವುದು ನ್ಯಾಯವೇ? ಕೇಳಿದ ಕೂಡಲೇ ನಮ್ಮಲ್ಲಿ ಹಲವರ ಮನಸ್ಸು ಮುದುಡಿಕೊಳ್ಳುತ್ತದೆ. "ಓದುವುದು ಅವರ ಒಳ್ಳೆಯದಕ್ಕೇ ತಾನೇ? ಅದಕ್ಕೂ ಸಂಬಳವೇ?" ಎನಿಸುತ್ತದೆ. ಈ ಮುಜುಗರವನ್ನು ತಳ್ಳಿಹಾಕುವುದು ಬೇಡ. ಆದರೆ ಅದಕ್ಕೆ ಕಿವಿಗೊಡುವ ಮೊದಲು ನಮ್ಮ ಸುತ್ತಮುತ್ತಲಿನ ಸಂಗತಿಯನ್ನು ನೋಡೋಣ.

ಮಕ್ಕಳ ಕೈಗೆ ಕೆಲಸ ಕೊಟ್ಟ ಊರುಗಳು

ಸಂಡೂರಿನ ಗುಡ್ಡಗಳನ್ನು ನೆನೆಯಿರಿ. 2000ದ ನಂತರದ ವರ್ಷಗಳಲ್ಲಿ ಚೀನಾ ದೇಶಕ್ಕೆ ಕಬ್ಬಿಣದ ಅದಿರು ರಫ್ತಾಗತೊಡಗಿದಾಗ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಕೆಂಪು ಧೂಳು ಮತ್ತು ಲಾರಿಗಳ ಸಾಲು ಬಿಟ್ಟು ಬೇರೇನೂ ಕಾಣದಂತಾಗಿತ್ತು. ಆಗ ಗಣಿಗಳ ಸುತ್ತ ಸುತ್ತಿಗೆ ಹಿಡಿದು ಅದಿರು ಒಡೆದವರಲ್ಲಿ, ಜರಡಿ ಹಿಡಿದವರಲ್ಲಿ, ಬುಟ್ಟಿ ಹೊತ್ತವರಲ್ಲಿ ಮಕ್ಕಳೂ ಇದ್ದರು. ಹದಿನೆಂಟು ತುಂಬದವರು ಗಣಿಯಲ್ಲಿ ಕೆಲಸ ಮಾಡಕೂಡದೆಂಬ ಕಾನೂನು ಆಗಲೂ ಇತ್ತು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಹೊರಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ನಿಯಮಗಳೊಂದಿಗೆ ಗಣಿಗಳು ಮತ್ತೆ ತೆರೆದವು. ಆದರೆ ಅದಿರಿನ ಆ ವರ್ಷಗಳಲ್ಲಿ ಶಾಲೆ ಬಿಟ್ಟು ಸುತ್ತಿಗೆ ಹಿಡಿದವರಿಗೆ, ಲಾರಿಯ ಕ್ಲೀನರ್ ಆಗಿ ಹೋದವರಿಗೆ ಆ ತರಗತಿಗಳನ್ನು ಯಾವ ಕೋರ್ಟೂ ಹಿಂದಿರುಗಿಸಲಾರದು.

ಹಂಪಿಗೆ ಬನ್ನಿ. 1986ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. 1991ರಲ್ಲಿ ಹತ್ತಿರದಲ್ಲೇ ಕನ್ನಡ ವಿಶ್ವವಿದ್ಯಾಲಯ ಹುಟ್ಟಿತು. ಅದೇ ನೆಲದಲ್ಲಿ ನಕ್ಷೆ, ಚಿತ್ರದ ಕಾರ್ಡು ಹಿಡಿದು ಪ್ರವಾಸಿಗರ ಹಿಂದೆ ಓಡುವ ಹುಡುಗರನ್ನು ನೀವೂ ನೋಡಿರುತ್ತೀರಿ. ನಾಲ್ಕು ಭಾಷೆಯಲ್ಲಿ ಚೌಕಾಶಿ ಮಾಡುವ ಹುಡುಗನ ಜಾಣತನಕ್ಕೆ ನಾವು ಬೆರಗಾಗುತ್ತೇವೆ. ಇಂದು ಅವನಿಗೆ ಶಾಲೆ ಇಲ್ಲವೇ ಎಂದು ಕೇಳುವುದನ್ನು ಮಾತ್ರ ಮರೆಯುತ್ತೇವೆ. ಹೊಸಪೇಟೆಯ ಗ್ಯಾರೇಜು, ಹೋಟೆಲುಗಳಲ್ಲಿಯೂ ಹದಿಹರೆಯದ ಕೈಗಳಿಗೆ ಕೆಲಸವಿದೆ. ತಾಂಡಾಗಳಿಂದ ತಂದೆತಾಯಿ ಗುಳೆ ಹೋದರೆ ಒಂಬತ್ತನೇ ತರಗತಿಯ ಹುಡುಗಿ ತಮ್ಮ ತಂಗಿಯರಿಗೆ ತಾಯಿಯಾಗುತ್ತಾಳೆ. ಅವಳಿಗೆ ಕೂಲಿಯೂ ಇಲ್ಲ, ಬಟವಾಡೆಯ ದಿನವೂ ಇಲ್ಲ. ಅವಳನ್ನು ಬಾಲಕಾರ್ಮಿಕಳೆಂದು ಯಾರೂ ಎಣಿಸುವುದಿಲ್ಲ.

ಹದಿನಾಲ್ಕರ ಹೊಸ್ತಿಲು

ಸರ್ಕಾರ ಮಕ್ಕಳಿಗಾಗಿ ಏನೂ ಮಾಡಿಲ್ಲವೆಂದರೆ ತಪ್ಪಾದೀತು. 2002ರಲ್ಲಿ ಬಳ್ಳಾರಿ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾಯಿತು. ಮುಂದೆ ಅದು ನಾಡಿಗೆಲ್ಲ ಹಬ್ಬಿ, ಹತ್ತನೇ ತರಗತಿಯವರೆಗೂ ಬಂತು. ಪಠ್ಯಪುಸ್ತಕ, ಸಮವಸ್ತ್ರ ಬಂದವು. 2006-07ರಿಂದ ಕೆಲವು ವರ್ಷ ಎಂಟನೇ ತರಗತಿಯವರಿಗೆ ಸೈಕಲ್ಲುಗಳನ್ನೂ ಕೊಟ್ಟರು. ಬಿಸಿಯೂಟ ಕೂಡ ಒಂದು ಬಗೆಯ ಕೊಡುಗೆಯೇ ತಾನೇ? "ಅನ್ನದಾಸೆಗೆ ಮಕ್ಕಳು ಬರುತ್ತಾರೆ" ಎಂದು ಆಗ ಮೂಗು ಮುರಿದವರು ಇಂದು ಮಾತೆತ್ತುವುದಿಲ್ಲ. ಹಸಿದ ಹೊಟ್ಟೆಗೆ ಪಾಠ ಇಳಿಯದೆಂಬುದು ಎಲ್ಲರಿಗೂ ತಿಳಿದಿದೆ.

ನೇರವಾಗಿ ಹಣವನ್ನೂ ಕೊಟ್ಟದ್ದುಂಟು. 1988ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳು ಬಳ್ಳಾರಿ ಜಿಲ್ಲೆಯಲ್ಲೂ ನಡೆದವು. ದುಡಿಮೆಯಿಂದ ಬಿಡಿಸಿ ತಂದ ಮಗುವಿನ ಹೆಸರಿನಲ್ಲಿ ತಿಂಗಳಿಗೆ ಮೊದಲು 100, ಅನಂತರ 150, ಕೊನೆಗೆ 400 ರೂಪಾಯಿ ಇಡುತ್ತಿದ್ದರು. 2021ರಲ್ಲಿ ಈ ಯೋಜನೆಯನ್ನು ಸಮಗ್ರ ಶಿಕ್ಷಣದೊಳಗೆ ಸೇರಿಸಲಾಯಿತು. ಆ ಹಣ ಮಗುವನ್ನು ಶಾಲೆಗೆ ತರಲು ಇತ್ತು. ಮಗು ಮಾಮೂಲಿ ಶಾಲೆಗೆ ಸೇರಿದ ಮೇಲೆ ಅಲ್ಲೇ ಉಳಿಯಲು ಅದರಲ್ಲಿ ಏನೂ ಇರಲಿಲ್ಲ.

ಈಗ ನಮ್ಮ ಕಾನೂನುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕಿಡುವುದನ್ನು ನಿಷೇಧಿಸುತ್ತದೆ. ಹದಿನಾಲ್ಕರಿಂದ ಹದಿನೆಂಟರವರಿಗೆ ಗಣಿ, ಸ್ಫೋಟಕಗಳಂತಹ ಅಪಾಯದ ಕೆಲಸಗಳು ಮಾತ್ರ ನಿಷಿದ್ಧ. ನಮ್ಮ ರಾಜ್ಯ 2006-07ರಲ್ಲಿ ತಂದ ಭಾಗ್ಯಲಕ್ಷ್ಮಿ ಯೋಜನೆ ಬಡ ಮನೆಯ ಹೆಣ್ಣುಮಗು ಹುಟ್ಟಿದಾಗಲೇ ಅವಳ ಹೆಸರಿನಲ್ಲಿ ಹಣವಿಟ್ಟಿತು. ಅವಳು ದುಡಿಮೆಗೆ ಹೋಗಬಾರದು, ಹದಿನೆಂಟರ ಮೊದಲು ಮದುವೆಯಾಗಬಾರದು, ಕನಿಷ್ಠ ಎಂಟನೇ ತರಗತಿಯವರೆಗೆ ಓದಬೇಕು ಎಂಬ ಷರತ್ತುಗಳನ್ನು ಹಾಕಿತು. ಎಂಟನೇ ತರಗತಿ ಎಂದರೆ ಮತ್ತೆ ಅದೇ ಹದಿನಾಲ್ಕು ವರ್ಷ!

ಇನ್ನೊಂದು ಬದಿಯನ್ನೂ ನೋಡಿ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷಗಳ ಮಟ್ಟಿಗೆ ಗೊತ್ತುಮಾಡಿತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದು ಪದವಿ ಮುಗಿಸಿದವರ ಮಾತು. ನಮ್ಮ ಕಂಪ್ಲಿಯ ಹುಡುಗ ಪದವಿಯವರೆಗೆ ಹೋಗುವುದಾದರೂ ಹೇಗೆ? ಹದಿನಾಲ್ಕರವರೆಗೆ ಕಾನೂನು ಕೈಹಿಡಿದು ನಡೆಸುತ್ತದೆ. ಅನಂತರ ಹೊಳೆಯ ನಡುವೆ ಕೈಬಿಟ್ಟು, ಈಜಿ ದಡ ಸೇರಿದವರಿಗೆ ಮತ್ತೆ ಕೈ ನೀಡುತ್ತದೆ.

ನಡುವೆ ಏನೂ ಇಲ್ಲವೆಂದಲ್ಲ. ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಆದರೆ ಅದಕ್ಕೆ ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾಗಬೇಕು. ಇಡೀ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಮಾತ್ರ. 2021ರಲ್ಲಿ ಬಂದ ರೈತ ವಿದ್ಯಾನಿಧಿ ಪಿಯುಸಿ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ ಗೊತ್ತುಮಾಡಿತು. ಇವೆಲ್ಲ ಒಳ್ಳೆಯವೇ. ಆದರೆ ಒಂದು ಜಾಣರಿಗೆ ಕೊಡುವ ಬಹುಮಾನದಂತಿದೆ, ಇನ್ನೊಂದು ವರ್ಷಕ್ಕೊಮ್ಮೆ ಬರುವ ಉಡುಗೊರೆಯಂತಿದೆ. ವಾರದ ಕಂತಿನ ಮುಂದೆ ನಿಂತ ತಾಯಿಗೆ ಇವು ದೂರದ ಬೆಟ್ಟ.

ವಿದ್ಯೆಗೆ ಬೆಲೆ ಕಟ್ಟಿದಂತಾಗದೇ?

ಈಗ ಆ ಮುಜುಗರದ ಮಾತಿಗೆ ಬರೋಣ. ಅದರೊಳಗೆ ನಿಜವಾದ ಒಂದು ಭಯವಿದೆ. ಹಣ ಕೊಟ್ಟರೆ ಮಗು ಹಣಕ್ಕಾಗಿಯೇ ಓದಲು ಕಲಿಯುವುದಿಲ್ಲವೇ? ಹಣ ನಿಂತ ದಿನ ಓದೂ ನಿಲ್ಲುವುದಿಲ್ಲವೇ?

ಈ ಭಯಕ್ಕೆ ಆಧಾರವೂ ಇದೆ. ಇಸ್ರೇಲಿನ ಹೈಫಾ ನಗರದ ಕೆಲವು ಶಿಶುವಿಹಾರಗಳಲ್ಲಿ ಒಂದು ಪ್ರಯೋಗ ನಡೆಯಿತು. 2000ದಲ್ಲಿ ಅದರ ವಿವರ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದರು. ತಡಮಾಡುವವರು ಕಡಿಮೆಯಾಗುವ ಬದಲು ಹೆಚ್ಚಾದರು! ಮೊದಲು "ಪಾಪ, ಟೀಚರ್ ಕಾಯುತ್ತಿರುತ್ತಾರೆ" ಎಂಬ ಅಳುಕಿತ್ತು. ದಂಡ ಬಂದ ಮೇಲೆ "ಹಣ ಕಟ್ಟಿದರಾಯಿತು" ಎಂಬ ಭಾವನೆ ಬಂತು. ದಂಡವನ್ನು ತೆಗೆದುಹಾಕಿದ ಮೇಲೂ ಹಳೆಯ ಅಳುಕು ಮರಳಲಿಲ್ಲ. ಹಣ ಒಂದು ಸಂಬಂಧದೊಳಗೆ ಕಾಲಿಟ್ಟರೆ ಅದರ ಅರ್ಥವನ್ನೇ ಬದಲಿಸಬಲ್ಲದು ಎಂಬ ಮಾತು ಸುಳ್ಳಲ್ಲ.

ಹಾಗಾದರೆ ನಾವು ನಮ್ಮ ಮನೆಗಳಲ್ಲಿ ಏನು ಮಾಡುತ್ತಿದ್ದೇವೆ? "ಎಸ್‌ಎಸ್‌ಎಲ್‌ಸಿಯಲ್ಲಿ ಡಿಸ್ಟಿಂಕ್ಷನ್ ಬಂದರೆ ಮೊಬೈಲ್ ಕೊಡಿಸುತ್ತೇನೆ, ಪಿಯುಸಿ ಪಾಸಾದರೆ ಬೈಕ್" ಎಂದು ನಾವೇ ಹೇಳುವುದಿಲ್ಲವೇ? ನಿಜವಾಗಿ ವಿದ್ಯೆಗೆ ಬೆಲೆ ಕಟ್ಟುವುದು ಇದು. ಓದಲು ಯಾವ ಅಡ್ಡಿಯೂ ಇಲ್ಲದ ಮಗುವಿಗೆ ಅಂಕಕ್ಕಿಷ್ಟು ಎಂದು ಲಂಚ ಕೊಡುತ್ತೇವೆ. ಕಂಪ್ಲಿಯ ಹುಡುಗನ ಮಾತು ಬೇರೆ. ಅವನಿಗೆ ಓದುವ ಆಸೆಯಿದೆ. ಆ ಆಸೆಗೆ ಅವನ ಮನೆ ತಿಂಗಳಿಗೆ 6,000 ರೂಪಾಯಿ ದಂಡ ತೆರುತ್ತಿದೆ. ನಮ್ಮ ಮಕ್ಕಳು ಶಾಲೆಗೆ ಹೋದಾಗ ನಾವು ಫೀಸು ಕಳೆದುಕೊಳ್ಳುತ್ತೇವೆ. ಬಡವರ ಮಕ್ಕಳು ಹೋದಾಗ ಅವರ ಮನೆ ಅನ್ನ ಕಳೆದುಕೊಳ್ಳುತ್ತದೆ. ಅವನ ಕೈಗೆ ಹಣ ಬಂದರೆ ಅದು ಆ ನಷ್ಟದ ಒಂದು ಪಾಲನ್ನು ತುಂಬಿಕೊಟ್ಟಂತೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂತಹ ಕಡೆ ಕಲಿಯಲು ಸೇರುವ ಐಟಿಐ ಹುಡುಗನಿಗೆ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಸ್ಟೈಪೆಂಡ್ ಸಿಗುತ್ತದೆ. ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್ ಸಿಗುತ್ತದೆ. ಕಲಿಯುವವನ ಹೊಟ್ಟೆ ನಡೆಯಬೇಕೆಂಬ ನ್ಯಾಯವನ್ನು ನಾವು ಅಲ್ಲಿ ಒಪ್ಪಿದ್ದೇವೆ, ಅದನ್ನು ಲಂಚವೆಂದು ಯಾರೂ ಕರೆಯುವುದಿಲ್ಲ. ಹತ್ತನೇ ತರಗತಿಯ ಕೂಲಿಕಾರನ ಮಗನ ಸರದಿ ಬಂದಾಗ ಮಾತ್ರ ನಮಗೆ ವಿದ್ಯೆಯ ಪಾವಿತ್ರ್ಯ ನೆನಪಾಗುವುದೇಕೆ?

ಆದ್ದರಿಂದ ನನ್ನ ಉತ್ತರ ಇದು: ಹೌದು, ಕೊಡಬೇಕು. ಆದರೆ ಹೈಫಾದ ಪಾಠವನ್ನು ಮರೆಯದೆ ಕೊಡಬೇಕು. ಅದು ಅಂಕಕ್ಕೆ ಬೆಲೆಯಾಗಬಾರದು. ಕೂಲಿಯಿಂದ ಬಿಡುಗಡೆಯಾಗಬೇಕು.

ಕೊಡುವ ರೀತಿ

ಹಾಗೆ ಕೊಡುವುದು ಹೇಗೆಂದು ಬೇರೆ ದೇಶಗಳ ಅನುಭವ ನಮಗೆ ಕಲಿಸಬಲ್ಲದು. ಮೆಕ್ಸಿಕೋ ದೇಶ 1997ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಮಗು ಮೇಲಿನ ತರಗತಿಗೆ ಹೋದಂತೆ ಹಣವೂ ಏರುತ್ತಿತ್ತು, ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ತುಸು ಹೆಚ್ಚೇ ಸಿಗುತ್ತಿತ್ತು. ದೊಡ್ಡ ಮಗುವಿಗೆ ಹೊರಗೆ ಹೆಚ್ಚು ಕೂಲಿ ಸಿಗುತ್ತದೆಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಹಣ ತಾಯಂದಿರ ಕೈಗೆ ಹೋಗುತ್ತಿತ್ತು. ಸರ್ಕಾರಗಳು ಬದಲಾದರೂ ಹೆಸರು ಬದಲಿಸಿಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಆ ಯೋಜನೆ 2019ರಲ್ಲಿ ಮುಗಿಯಿತು.

ನಮ್ಮ ನೆರೆಯ ಬಾಂಗ್ಲಾದೇಶ 1994ರಲ್ಲಿ ಹಳ್ಳಿಗಳ ಪ್ರೌಢಶಾಲಾ ಹೆಣ್ಣುಮಕ್ಕಳಿಗೆ ಸ್ಟೈಪೆಂಡ್ ಕೊಡಲು ತೊಡಗಿತು. ನೂರಕ್ಕೆ 75 ದಿನ ಹಾಜರಾತಿ, ನೂರಕ್ಕೆ 45 ಅಂಕ, ಓದು ಮುಗಿಯುವವರೆಗೆ ಮದುವೆ ಇಲ್ಲ ಎಂಬುದು ಷರತ್ತು. ಹಾಜರಾತಿಯ ಷರತ್ತು ಸರಿ. ಆದರೆ ಅಂಕದ ಷರತ್ತು ನನಗೆ ಒಪ್ಪಿಗೆಯಾಗದು. ರಾತ್ರಿಯೆಲ್ಲ ತಮ್ಮನನ್ನು ಸಂಭಾಳಿಸಿದ ಹುಡುಗಿಗೆ 40 ಅಂಕ ಬಂದರೆ, ಅವಳಿಗಿಂತ ಹೆಚ್ಚು ಆ ಹಣ ಬೇಕಾದವರು ಯಾರು? ನಮ್ಮ ಎನ್‌ಎಂಎಂಎಸ್‌ನಲ್ಲೂ ಇದೇ ಕೊರತೆ ಇದೆ. ಅಂಕ ಇಳಿದರೆ ಹಣ ನಿಲ್ಲುತ್ತದೆ.

ಆಫ್ರಿಕಾದ ಮಲಾವಿ ದೇಶದ ಜೊಂಬಾ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲವು ಹುಡುಗಿಯರಿಗೆ ಶಾಲೆಗೆ ಬಂದರೆ ಮಾತ್ರ ಹಣ, ಇನ್ನು ಕೆಲವರಿಗೆ ಷರತ್ತೇ ಇಲ್ಲದೆ ಹಣ. ಶಾಲೆ ಬಿಡುವುದನ್ನು ತಡೆಯುವಲ್ಲಿ ಷರತ್ತಿನ ಹಣ ಗೆದ್ದಿತು. ಆದರೆ ಶಾಲೆ ಬಿಟ್ಟುಬಿಟ್ಟ ಹುಡುಗಿಯರಲ್ಲಿ ಎಳೆಯ ಮದುವೆ, ಎಳೆಯ ಬಸಿರು ಕಡಿಮೆಯಾದದ್ದು ಷರತ್ತಿಲ್ಲದ ಹಣ ಪಡೆದವರಲ್ಲಿ. ಇದರರ್ಥವೇನು? ಕಟ್ಟುನಿಟ್ಟಿನ ಷರತ್ತು ಎಡವಿದವಳನ್ನು ಎಡವಿದ ಗಳಿಗೆಯಲ್ಲೇ ಕೈಬಿಡುತ್ತದೆ. ಆದ್ದರಿಂದ ಹಾಜರಾತಿ ಕೇಳೋಣ, ಆದರೆ ಕಾಯಿಲೆಗೆ, ಸಾವುನೋವಿಗೆ, ಗುಳೆಗೆ ಕರುಣೆಯ ಅವಕಾಶವಿರಲಿ. ಮರಳಿ ಬಂದವರಿಗೆ ಬಾಗಿಲು ತೆರೆದಿರಲಿ.

ಹಣ ಕೈಗೆ ಬರುವ ಸಮಯವೂ ಮುಖ್ಯ. 2008ರಲ್ಲಿ ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳು ಒಂಬತ್ತನೇ ತರಗತಿಗೆ ಸೇರಿದಾಗ ಅವರ ಹೆಸರಿನಲ್ಲಿ 3,000 ರೂಪಾಯಿ ಇಟ್ಟಿತು. ಹತ್ತನೇ ತರಗತಿ ಪಾಸಾಗಿ ಹದಿನೆಂಟು ತುಂಬಿದ ಮೇಲೆ ತೆಗೆದುಕೊಳ್ಳಬಹುದಿತ್ತು. ಭಾಗ್ಯಲಕ್ಷ್ಮಿಯ ಮೊದಲ ಮಕ್ಕಳಿಗೂ ಹದಿನೆಂಟು ತುಂಬಿದ್ದು 2024ರಲ್ಲಿ. ಮುಂದಿನ ದೊಡ್ಡ ಹಣ ಮದುವೆಯನ್ನು ಮುಂದೂಡಬಲ್ಲದು, ಇಂದಿನ ಒಲೆಯನ್ನು ಹಚ್ಚಲಾರದು. ಬ್ರೆಜಿಲ್ ದೇಶ 2024ರಲ್ಲಿ ಎರಡನ್ನೂ ಹೊಂದಿಸಿತು. ಸರ್ಕಾರಿ ಪ್ರೌಢಶಾಲೆಯ ಬಡ ವಿದ್ಯಾರ್ಥಿಗೆ ತಿಂಗಳಿಗೆ 200 ರಿಯಾಲ್ ಖರ್ಚಿಗೆ ಸಿಗುತ್ತದೆ. ಪಾಸಾದ ಪ್ರತಿ ವರ್ಷಕ್ಕೆ 1,000 ರಿಯಾಲ್ ಖಾತೆಯಲ್ಲಿ ಕೂರುತ್ತದೆ, ಓದು ಪೂರ್ತಿಯಾದ ಮೇಲಷ್ಟೇ ಅದು ಕೈಗೆ. ಆ ಯೋಜನೆಯ ಹೆಸರಿಗೆ ಅವರ ಆಡುಮಾತಿನಲ್ಲಿ ಕಾಲುಚೀಲದಲ್ಲಿ ಕೂಡಿಟ್ಟ ದುಡ್ಡು ಎಂಬ ಅರ್ಥವಿದೆ. ನಮ್ಮ ತಾಯಂದಿರ ಸಾಸಿವೆ ಡಬ್ಬಿಯ ದುಡ್ಡಿನ ಹಾಗೆ!

ತಿಂಗಳಿಗೆ 6,000 ಸರ್ಕಾರ ಕೊಡಲಾದೀತೇ ಎಂದು ನೀವು ಕೇಳಬಹುದು. ಅಷ್ಟೂ ಕೊಡಬೇಕಾಗಿಲ್ಲ. ಹೆಚ್ಚಿನ ತಾಯಂದಿರ ಮನಸ್ಸು ಮೊದಲೇ ಶಾಲೆಯ ಕಡೆ ಅರ್ಧ ವಾಲಿರುತ್ತದೆ. ಕಂತಿನ ದಿನಕ್ಕೆ ಮೊದಲು, ತಪ್ಪದೆ, ಅಲೆದಾಡಿಸದೆ ಬರುವ ಚಿಕ್ಕ ಮೊತ್ತ ಮಿಕ್ಕ ಅರ್ಧವನ್ನು ವಾಲಿಸಬಹುದು. ಆರು ತಿಂಗಳು ತಡವಾಗಿ ಬರುವ ದೊಡ್ಡ ಮೊತ್ತಕ್ಕೆ ಆ ಶಕ್ತಿಯಿಲ್ಲ. ಹಾಗೆಯೇ "ನೀನು ಬಡವನೇ? ಸರ್ಟಿಫಿಕೇಟು ತಾ" ಎಂದು ಹುಡುಗನನ್ನು ಕಚೇರಿಯಿಂದ ಕಚೇರಿಗೆ ಓಡಿಸುವ ಬದಲು ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆ, ಪಿಯು ಕಾಲೇಜು, ಐಟಿಐಗಳ ಎಲ್ಲ ಮಕ್ಕಳಿಗೂ ಕೊಡುವುದು ಲೇಸು. ಆಗ ಕಷ್ಟಪಟ್ಟು ಮಗಳನ್ನು ಓದಿಸುತ್ತಿರುವ ಪಕ್ಕದ ಮನೆಯವರಿಗೂ ಅನ್ಯಾಯವಾಗುವುದಿಲ್ಲ. ಪುಸ್ತಕ ಒಗ್ಗದ, ಆದರೆ ಕೈಕಸುಬಿನಲ್ಲಿ ಚುರುಕಾದ ಹುಡುಗನಿಗೂ ದಾರಿಯಿರುತ್ತದೆ.

ಹಣವೊಂದೇ ಸಾಲದೆಂಬುದನ್ನೂ ಒಪ್ಪೋಣ. ಗಣಿತದ ಮೇಷ್ಟ್ರಿಲ್ಲದ ಶಾಲೆಗೆ ದುಡ್ಡು ಕೊಟ್ಟು ಕಳುಹಿಸಿದರೆ ಮಗು ಅಲ್ಲಿ ಕೂಲಿಯವನಂತೆ ಹೊತ್ತು ಕಳೆದು ಬಂದೀತು. ಹುಡುಗಿಯರಿಗೆ ಎಷ್ಟೋ ಸಲ ಹಣಕ್ಕಿಂತ ದಾರಿಯದೇ ಚಿಂತೆ. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಂಡುಕೊಳ್ಳಲು ಹಣ ಕೊಟ್ಟಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಮೂರನೇ ಒಂದರಷ್ಟು ಏರಿತೆಂದು ಅಧ್ಯಯನವೊಂದು ಕಂಡುಕೊಂಡಿತು. ನಮ್ಮಲ್ಲಿ 2023ರ ಜೂನ್‌ನಲ್ಲಿ ಬಂದ ಉಚಿತ ಬಸ್ಸು ಕೂಡ ಕಾಲೇಜಿನ ದಾರಿಯನ್ನು ಹುಡುಗಿಯರಿಗೆ ಹತ್ತಿರ ಮಾಡಿದೆ. ಹಣ, ದಾರಿ, ಮೇಷ್ಟ್ರು, ಇವು ಒಲೆಯ ಮೂರು ಗುಂಡುಗಳಿದ್ದಂತೆ. ಒಂದು ಇಲ್ಲದಿದ್ದರೂ ಗಡಿಗೆ ನಿಲ್ಲದು.

ಹಣ ಎಲ್ಲಿಂದ?

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಉತ್ತರ ಕಾಲಕೆಳಗೇ ಇದೆ. 2015ರ ಗಣಿ ಕಾನೂನಿನ ತಿದ್ದುಪಡಿಯಂತೆ ಗಣಿ ನಡೆಸುವವರು ರಾಜಧನದ ಮೇಲೆ ಇನ್ನೊಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಯಿಂದ ಬಾಧೆಗೊಳಗಾದ ಜನರ ಹಿತಕ್ಕಾಗಿಯೇ ಇರುವ ನಿಧಿ ಅದು. ಶಿಕ್ಷಣ ಅದರ ಮುಖ್ಯ ಬಾಬ್ತುಗಳಲ್ಲೊಂದು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಆ ಕಡೆಗೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆಯ ಗಡಿ ಬದಲಾದರೂ ಧೂಳು ಕುಡಿದ ಮಕ್ಕಳು ಎರಡೂ ಕಡೆ ಇದ್ದಾರೆ. ಆ ಹಣದಲ್ಲಿ ಕಟ್ಟಡ ಕಟ್ಟುವುದು ಸುಲಭ, ಅದರ ಮೇಲೆ ಹೆಸರು ಬರೆಸಬಹುದು. ಒಂಬತ್ತರಿಂದ ಹನ್ನೆರಡರವರೆಗೆ ಒಂದು ಮಗುವನ್ನು ಶಾಲೆಯಲ್ಲಿ ಉಳಿಸಿದ್ದಕ್ಕೆ ಕಲ್ಲು ನೆಡಲಾಗದು. ಆದರೂ ಒಂದು ಕಾಲದಲ್ಲಿ ಮಕ್ಕಳ ಕೈಗೆ ಸುತ್ತಿಗೆ ಕೊಟ್ಟ ಅದಿರು ಇಂದು ಅವರ ಕೈಗೆ ಪುಸ್ತಕ ಕೊಡುವುದಕ್ಕಿಂತ ದೊಡ್ಡ ನ್ಯಾಯ ಯಾವುದಿದೆ?

ನಮ್ಮ ಪಾಲು

ಪ್ರಿಯ ಓದುಗರೇ, ಇಲ್ಲಿಯವರೆಗೆ ಸರ್ಕಾರ ಏನು ಮಾಡಬೇಕೆಂದು ಮಾತಾಡಿದೆವು. ಅದು ಸುಲಭದ ಮಾತು. ಈಗ ಕಷ್ಟದ ಮಾತು. ಶಾಲೆ ಬಿಟ್ಟ ಹುಡುಗನಿಗೆ ಸಂಬಳ ಕೊಡುತ್ತಿರುವವರು ಯಾರು? ನಾವೇ ಅಲ್ಲವೇ? ಅವನು ತಂದ ಚಹಾ ಕುಡಿಯುವವರು ನಾವು. ಅವನು ತೊಳೆದ ಬೈಕ್ ಏರುವವರು ನಾವು. ಮನೆಗೆಲಸಕ್ಕೆ "ಚಿಕ್ಕ ಹುಡುಗಿ ಸಿಕ್ಕರೆ ಒಳ್ಳೆಯದು" ಎಂದು ವಿಚಾರಿಸುವವರೂ ನಾವೇ. ಅವನು ಶಾಲೆ ಬಿಡಲೆಂದು ನಾವು ದಿನಕ್ಕೆ 300 ಕೊಡುತ್ತಿರುವಾಗ, ಶಾಲೆಯಲ್ಲಿರಲೆಂದು ಸರ್ಕಾರ ಒಂದಿಷ್ಟು ಕೊಟ್ಟರೆ ಕೆಟ್ಟುಹೋಗುತ್ತಾನೆ ಎನ್ನಲು ನಮಗೆ ಬಾಯಿ ಎಲ್ಲಿದೆ?

ಆದ್ದರಿಂದ ಈ ವಾರ ನಾವು ಮಾಡಬಹುದಾದ ಕೆಲವು ಸಣ್ಣ ಕೆಲಸಗಳಿವೆ. ನಿಮ್ಮ ಗದ್ದೆಗೆ, ಅಂಗಡಿಗೆ, ಮನೆಗೆ ಕೆಲಸಕ್ಕೆ ಬರುವ ಹದಿಹರೆಯದವರನ್ನು "ಶಾಲೆಗೆ ಹೋಗುತ್ತೀಯಾ?" ಎಂದು ಕೇಳಿ. ಕೇಳಿ ಸುಮ್ಮನಾಗದೆ ಅವನ ತಾಯಿಯೊಂದಿಗೆ ಮಾತಾಡಿ, ಅವಳ ಲೆಕ್ಕವನ್ನು ಕೇಳಿಸಿಕೊಳ್ಳಿ. ನೆರೆಹೊರೆಯಲ್ಲಿ ಎಂಟನೇ ತರಗತಿಯ ಮಗುವಿದ್ದರೆ ಎನ್‌ಎಂಎಂಎಸ್ ಪರೀಕ್ಷೆಯ ವಿಷಯ ತಿಳಿಸಿ. ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಲ್ಲಿ ಓದುವ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರದ ಮಕ್ಕಳು ಬರೆಯಬಹುದು. ಅರ್ಜಿ ತುಂಬಲು, ಬ್ಯಾಂಕ್ ಖಾತೆ ತೆರೆಯಲು, ಆಧಾರ್ ಜೋಡಿಸಲು ಅರ್ಧ ದಿನ ಜೊತೆಗೆ ಹೋಗಿ. ಓದು ಬಲ್ಲವರ ಅರ್ಧ ದಿನ ಓದದವರ ನಾಲ್ಕು ವರ್ಷವನ್ನು ಉಳಿಸಬಲ್ಲದು. ಚಿಕ್ಕ ಮಕ್ಕಳನ್ನು ದುಡಿಸುವುದು ಕಂಡರೆ 1098ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಮಗನಿಗೋ ಮಗಳಿಗೋ ವಿದ್ಯಾರ್ಥಿವೇತನ ಬಂದರೆ "ನೀನು ಗಳಿಸಿದ ದುಡ್ಡು" ಎಂದು ಹೊಗಳಿ ಉಬ್ಬಿಸಬೇಡಿ, "ನಿನ್ನಿಂದ ನಮಗೆ ಖರ್ಚು" ಎಂದು ಹಂಗಿಸಲೂ ಬೇಡಿ. "ನೀನು ಓದಲೆಂದು ನಾಡಿನ ಜನ ಕೈಜೋಡಿಸಿದ್ದಾರೆ, ನಾಳೆ ನೀನೂ ಒಬ್ಬರಿಗೆ ಕೈಜೋಡಿಸು" ಎನ್ನಿ. ಹಣಕ್ಕೆ ಅರ್ಥ ಕೊಡುವುದು ಮನೆಯ ಮಾತು. ಹೈಫಾದ ಭಯಕ್ಕೆ ಔಷಧಿಯೂ ಅಲ್ಲೇ ಇದೆ.

ಕೊನೆಯದಾಗಿ, ಕಂಪ್ಲಿಯ ಆ ಕಟ್ಟೆಗೆ ಮತ್ತೊಮ್ಮೆ ಹೋಗೋಣ. ಮೇಸ್ತ್ರಿ ಬಂದು ಹೋಗಿದ್ದಾನೆ, ಮೇಷ್ಟ್ರು ಬಂದು ಹೋಗಿದ್ದಾರೆ. ತಾಯಿ ಒಬ್ಬಳೇ ಲೆಕ್ಕ ಹಾಕುತ್ತಾ ಕುಳಿತಿದ್ದಾಳೆ. ಒಳಗೆ ಹುಡುಗ ಪುಸ್ತಕ ತೆರೆದಿದ್ದಾನೆ, ಕಿವಿ ಮಾತ್ರ ಹೊರಗಿದೆ. ದುಡ್ಡು ದೊಡ್ಡಪ್ಪನೋ ವಿದ್ಯೆ ಅವರಪ್ಪನೋ ಎಂಬುದನ್ನು ಆ ತಾಯಿ ಒಬ್ಬಳೇ ತೀರ್ಮಾನಿಸಲಿ ಎಂದು ಬಿಟ್ಟುಬಿಡುವುದು ನ್ಯಾಯವೇ? ನಿಮ್ಮ ಮನೆಯವರೊಂದಿಗೆ ಇಂದು ರಾತ್ರಿ ಊಟಕ್ಕೆ ಕುಳಿತಾಗ ಈ ಮಾತನ್ನು ಎತ್ತಿ ನೋಡಿ. ನಾಳೆ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿಯ ಗಾಡಿ ಬರುತ್ತದೆ. ಶಾಲೆಯ ಗಂಟೆ ಹೊಡೆಯುವುದು ಅದಾದ ಮೇಲೆ.